ಅಕ್ಕೋರ ದನಿಗೆ ಸಾಲದ ಮಷಿನ್ನು

ಅಕ್ಕೋರು ತೀರಿಕೊಂಡರೆಂದು ಊರಿಗೆಲ್ಲ ಸಾರಬೇಕು, ಆಟೋಕ್ಕೆ ಒಂದು ರೆಕಾರ್ಡಿಂಗ್ ಮಾಡಿಕೊಡು ಎಂದು ಅವರ ತಮ್ಮ ಕೇಳಿದಾಗ ನಾನು ಮೈಕಿನ ಮುಂದೆ ಸುಮ್ಮನೆ ಕೆಮ್ಮುತ್ತ ಕೂತೆ. ಸಾವಿನ ಪ್ರಕಟಣೆ ಓದುವುದು ನನಗೇನೂ ಹೊಸದಲ್ಲ. "ತೀವ್ರ ದುಃಖದಿಂದ ತಿಳಿಸುತ್ತೇವೆ" ಎನ್ನುವುದಕ್ಕೆ ನನ್ನ ಹತ್ತಿರ ಒಂದು ಸಿದ್ಧ ದನಿ ಇದೆ, ಸೀರೆ ಅಂಗಡಿಯ ರಿಯಾಯಿತಿಗೆ ಇನ್ನೊಂದು. ಅವತ್ತು ಎರಡೂ ಕೈಕೊಟ್ಟವು. ಹಿಂದೊಮ್ಮೆ ಅಕ್ಕೋರು ನನ್ನ ದುಃಖದ ದನಿ ಕೇಳಿ, "ಲೇ, ಹೊಟ್ಟಿ ನೋವು ಬಂದವ್ನಂಗ ಯಾಕ ಓದ್ತಿ? ಸತ್ತವ್ರು ಎದ್ದು ಬಂದು ಕಪಾಳಕ್ಕ ಹೊಡೀತಾರ ನೋಡು" ಎಂದಿದ್ದರು. ಆ ಭಯ ಇನ್ನೂ ಹೋಗಿರಲಿಲ್ಲ. ಕೊನೆಗೆ ಹೆಂಡತಿಯನ್ನು ಕರೆದು ಅವಳಿಂದ ಓದಿಸಿದೆ.

ನನ್ನದು ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕೋಣೆಯ ರೆಕಾರ್ಡಿಂಗ್ ಅಂಗಡಿ. ಒಂದು ಕಂಪ್ಯೂಟರು, ಒಂದು ಮೈಕು, ಎರಡು ಸ್ಪೀಕರು, ಸದ್ದು ಗುಂಯ್‌ಗುಡದಿರಲೆಂದು ಗೋಡೆಗೆ ಹೊಡೆದ ಮೊಟ್ಟೆಯ ಟ್ರೇಗಳು. ಕೂಡ್ಲಿಗಿಯಿಂದ ಹಡಗಲಿಯವರೆಗೆ ತಲೆಯ ಮೇಲೆ ಹಾರ್ನು ಕಟ್ಟಿಕೊಂಡು ತಿರುಗುವ ಪ್ರಚಾರದ ಆಟೋಗಳಲ್ಲಿ ನೀವು ಕೇಳುವುದು ಬಹುಪಾಲು ನನ್ನ ಗಂಟಲು. ಅಕ್ಕೋರು ಮೊದಲ ಸಲ ಅಂಗಡಿಯ ಒಳಗೆ ಕಾಲಿಟ್ಟವರೇ ಮೂಗು ಮುಚ್ಚಿಕೊಂಡು, "ಇಷ್ಟೆಲ್ಲಾ ಮೊಟ್ಟಿ ನೀನಽ ತಿಂದು ಗ್ವಾಡಿಗೆ ಹಚ್ಚಿಯೇನು?" ಎಂದು ಕೇಳಿದ್ದರು.

ನಮ್ಮ ಕಡೆ ಅಕ್ಕೋರು ಎಂದರೆ ಶಾಲೆಯ ಮೇಡಂ. ಊರಲ್ಲಿ ಅಕ್ಕೋರುಗಳಿಗೆ ಬರವಿಲ್ಲ, ಆದರೆ ಬರೀ 'ಅಕ್ಕೋರು' ಎಂದರೆ ಇವರೊಬ್ಬರೇ. ನನಗೆ ಒಂದನೇ ತರಗತಿಯಲ್ಲಿ ಅಕ್ಷರ ಕಲಿಸಿದವರು. ಆಳು ಗುಬ್ಬಚ್ಚಿ, ದನಿ ಮಾತ್ರ ಊರಗಲ. ಶಾಲೆಯ ಕಟ್ಟೆಯ ಮೇಲೆ ನಿಂತು ಒಮ್ಮೆ ಕೂಗಿದರೆ ಮೂರು ಓಣಿಯಾಚೆ ಗೋಲಿಯಾಡುವ ಹುಡುಗರು ಗೋಲಿಯನ್ನು ಅಲ್ಲೇ ಬಿಟ್ಟು ಓಡಿಬರುತ್ತಿದ್ದರು. ತಂದೆ ತಾಯಿ ಬೇಗ ಹೋದದ್ದರಿಂದ ಎಷ್ಟೋ ವರ್ಷ ಚಿಕ್ಕವನಾದ ತಮ್ಮನನ್ನು ಇವರೇ ಸಾಕಿ, ಓದಿಸಿ, ಹರಪನಹಳ್ಳಿಯಲ್ಲಿ ಬೀಜ ಗೊಬ್ಬರದ ಅಂಗಡಿ ಹಾಕಿಸಿಕೊಟ್ಟು, ಮದುವೆ ಮಾಡಿದರು. ತಾವು ಮಾತ್ರ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ನನ್ನ ದನಿ ತಡಕೊಳ್ಳೋ ಕಿವಿ ಈ ಸೀಮಿಯಾಗ ಸಿಗಲಿಲ್ಲ" ಎನ್ನುತ್ತಿದ್ದರು. ಹಾಗೆ ಕೇಳಿದವರು ಎರಡನೆಯ ಪ್ರಶ್ನೆ ಕೇಳಿದ್ದನ್ನು ನಾನು ನೋಡಿಲ್ಲ.

ಅವರು ನನ್ನ ಅಂಗಡಿಗೆ ಬಂದದ್ದೇ ಜಗಳಕ್ಕೆ. ನನ್ನ ಸೀರೆ ರಿಯಾಯಿತಿಯ ಆಟೋ ಶಾಲೆಯ ಮುಂದೆ ನಿಂತು ಬಾಯಿ ಮಾಡುತ್ತಿತ್ತಂತೆ. ಅಕ್ಕೋರು ಹೊರಗೆ ಬಂದು ಆಟೋದವನಿಗೆ ಒಂದು ಮಾತೂ ಹೇಳಲಿಲ್ಲ. ಇಡೀ ತರಗತಿಯನ್ನು ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ಮಗ್ಗಿ ಶುರು ಮಾಡಿದರು. ಹಾರ್ನಿನಲ್ಲಿ ನಾನು, ಕಟ್ಟೆಯ ಮೇಲೆ ಅವರು. ಏಳರ ಮಗ್ಗಿ ಮುಗಿಯುವ ಹೊತ್ತಿಗೆ ಆಟೋದವನು ಸ್ವಿಚ್ಚು ತಿರುವಿ ಕೈಮುಗಿದು ಹೋದ. ಅವತ್ತು ಸಂಜೆಯೇ ಅಕ್ಕೋರು ನನ್ನ ಮುಂದೆ.

"ಅದರಾಗ ಒದರೋನು ನೀನಽ ಏನೋ? ಎಲ್ಲಿ, ಆ ಮೈಕು ನನ್ನ ಕಡಿ ತಿರುವು. ನಾನೂ ಒಂದೀಟು ಒದರ್ತೀನಿ, ನೋಡಾಣು."

ರೆಕಾರ್ಡ್ ಒತ್ತಿದೆ. ಅವರು ನನ್ನನ್ನು ಚೆನ್ನಾಗಿ ಬೈದರು. ಪರದೆಯ ಮೇಲೆ ದನಿಯ ಹಸಿರು ಅಲೆ ಎದ್ದು ನಿಂತಿತು. ಬೈಗುಳ ಮುಗಿದ ಮೇಲೆ ಅಕ್ಕೋರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಮುಖ ತಂದರು.

"ಇದ್ಯಾಕೋ, ಮ್ಯಾಲೆಲ್ಲಾ ಕುಡಗೋಲಿಲೆ ಕೊಯ್ದಂಗ ಸಪಾಟ ಐತಿ?"

"ಅಕ್ಕೋರೆ, ನೀವು ಮಾತಾಡಿದ್ರ ಗಾಳಿ ನಡಗತೈತ್ರಿ. ಮೈಕು ಆ ನಡುಕ ಹಿಡದು ಕರೆಂಟು ಮಾಡತೈತಿ. ಕಂಪ್ಯೂಟರು ಆ ಕರೆಂಟಿನ ಎತ್ತರ ಅಳದು ಅಂಕಿ ಮಾಡಿ ಇಟ್ಕಂತೈತಿ. ಅದರ ಅಳತಿಗೋಲಿಗೆ ಒಂದು ತುದಿ ಐತ್ರಿ. ದನಿ ತುದಿ ದಾಟಿತಂದ್ರ ದಾಟಿದ್ದಷ್ಟೂ ಕತ್ತರಿಸಿ ಹೋಗತೈತಿ."

"ಹಂಗಾದ್ರ ನನ್ನ ದನಿ ಹೆಚ್ಚಾಗಿಲ್ಲ. ನಿನ್ನ ಮಷಿನ್ನು ಗಿಡ್ಡ ಐತಿ," ಎಂದು ತೀರ್ಪು ಕೊಟ್ಟರು. ಆಮೇಲೆ ಅದು ಎಷ್ಟು ಹೊತ್ತಿಗೊಮ್ಮೆ ಅಳೆಯುತ್ತದೆ ಎಂದು ಕೇಳಿದರು. ಒಂದು ಸೆಕೆಂಡಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಸಲ ಎಂದೆ. ಬಾಯಿ ಬಿಡುತ್ತಾರೆ ಎಂದುಕೊಂಡಿದ್ದೆ. ಅವರು ತಲೆಯಾಡಿಸಿ, "ಹಾಜರಿ ತಗೋತೈತಿ ಅನ್ನು. ನಾ ದಿನಕ್ಕೊಂದು ಸಲ ತಗೊಂಡ್ರ ನಡುವ ಹುಡುಗ್ರು ಗ್ವಾಡಿ ಹಾರಿ ಓಡ್ತಾವ. ಇದು ಯಾವನೂ ಓಡಿಹೋಗದಂಗ ಗಾಳಿ ಹಾಜರಿ ತಗೋತೈತಿ. ಶ್ಯಾಣ್ಯಾ ಐತಿ ಬಿಡು" ಎಂದರು. ಮರುದಿನದಿಂದ ನಮ್ಮೂರ ಒಂದನೇ ತರಗತಿಯ ಮಕ್ಕಳು ಕಂಪ್ಯೂಟರ್ ಕಂಡರೆ ನೆಟ್ಟಗೆ ನಿಂತು "ಹಾಜರ್" ಎನ್ನತೊಡಗಿದವು.

ಜಗಳಕ್ಕೆ ಬಂದವರಿಗೆ ಅಂಗಡಿ ರುಚಿ ಹತ್ತಿತು. ಶಾಲೆ ಬಿಟ್ಟ ಮೇಲೆ ಬಂದು ಸ್ಟೂಲಿನ ಮೇಲೆ ಕೂತು, ನಾನು ಓದಿದ್ದಕ್ಕೆಲ್ಲ ಕೊಂಕು ತೆಗೆಯುವುದು ಅವರ ನಿತ್ಯದ ಚಹಾದ ಜೊತೆಗಿನ ಖಾರ ಮಂಡಕ್ಕಿಯಾಯಿತು. ಶಾಲೆಯ ಕಾರ್ಯಕ್ರಮವೊಂದರಲ್ಲಿ ನನ್ನ ಮೈಕು ಕುಯ್ಯೋ ಎಂದು ಕಿರುಚಿ ಸಭೆಯೆಲ್ಲ ಕಿವಿ ಮುಚ್ಚಿಕೊಂಡಾಗ, ವೇದಿಕೆಯಿಂದಲೇ ಕೂಗಿದರು: "ಮೈಕು ಸ್ಪೀಕರು ಎದುರಾಬದುರಾ ಇಟ್ಟೀಯಲ್ಲೋ, ಅತ್ತಿ ಸೊಸಿ ಕುಂದ್ರಿಸಿದಂಗ! ಆಕಿ ಅಂದದ್ದು ಈಕಿ ಕಿವಿಗೆ, ಈಕಿ ಅಂದದ್ದು ತಿರುಗಿ ಆಕಿ ಕಿವಿಗೆ. ಒಬ್ಬಾಕಿ ಮಾರಿ ಆಕಡಿ ತಿರುವು, ತಣ್ಣಗಾಗತೈತಿ." ಸ್ಪೀಕರ್ ತಿರುಗಿಸಿದೆ, ಕಿರುಚಾಟ ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಹೆಂಗಸರು ಮಾತ್ರ ಕಾರ್ಯಕ್ರಮ ಮುಗಿಯುವ ತನಕ ಒಬ್ಬರನ್ನೊಬ್ಬರು ನೋಡಲಿಲ್ಲ.

ನನಗೆ ಅವರನ್ನು ಕಂಡರೆ ಭಯ. ಪ್ರೀತಿಯೂ ಅಷ್ಟೇ. ಯಾವುದು ಎಲ್ಲಿ ಮುಗಿದು ಯಾವುದು ಶುರುವಾಗುತ್ತಿತ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಒಂದು ಮಧ್ಯಾಹ್ನ ಅವರು ದಾವಣಗೆರೆ ಬಸ್ಸು ಇಳಿದು, ಮನೆಗೂ ಹೋಗದೆ, ಕೈಯಲ್ಲಿ ಆಸ್ಪತ್ರೆಯ ಚೀಲ ಹಿಡಿದೇ ಅಂಗಡಿಗೆ ಬಂದರು. ಕೆಲವು ತಿಂಗಳಿಂದ ಅನ್ನ ನುಂಗುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತಿತ್ತು. ಶುಂಠಿ ಕಷಾಯ ಕುಡಿದು ತಳ್ಳಿಕೊಂಡು ಬಂದಿದ್ದರು.

"ಗಂಟಲಾಗ ಗಡ್ಡಿ ಐತಂತ," ಎಂದರು. "ಅದರ ಜತಿಗೆ ದನಿಪೆಟ್ಟಿಗೀನೂ ಕಿತ್ತು ತಗೀತಾರಂತ. ಉಸಿರಾಡಾಕ ಕುತ್ತಿಗ್ಯಾಗ ಒಂದು ತೂತು ಇಡ್ತಾರ. ಜೀವ ಉಳಿತೈತಿ, ಮಾತು ಹೋಗತೈತಿ."

ನನ್ನ ಕಣ್ಣಿಂದ ನೀರು ಬಂತು.

"ಅಳೋದಿದ್ರ ಲಗೂನ ಅತ್ತು ಮುಗಸಪ್ಪ. ಕೆಲಸ ಐತಿ. ಆಪರೇಶನ್ ಇನ್ನ ಹದಿನೈದು ದಿನಕ್ಕ ಐತಿ. ಅಷ್ಟರಾಗ ನನ್ನ ದನೀನೆಲ್ಲಾ ನಿನ್ನ ಡಬ್ಬಿಗೆ ತುಂಬಿ ಇಡು."

ಆಮೇಲೆ ನಿಜವಾದ ಸಂಗತಿ ಹೊರಬಂತು. ತಮ್ಮನ ಹೆಂಡತಿಗೆ ಆಗ ಏಳು ತಿಂಗಳು. ಮದುವೆಯಾಗಿ ಹತ್ತು ವರ್ಷ ಹರಕೆ, ಆಸ್ಪತ್ರೆ ಎಲ್ಲ ಸುತ್ತಿದ ಮೇಲೆ ನಿಂತ ಬಸಿರು. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು. ಅವಳು ಬಗ್ಗಿ ಹೆಸರು ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಧಬಧಬ ಗುದ್ದುತ್ತಾರೆ. ಸೋದರತ್ತೆಯಾಗುವ ಸುಖವೆಲ್ಲ ಆ ಗುದ್ದಿನಲ್ಲೇ ಇದೆ.

"ಆ ಹೆಸರು ನಾನಽ ಹೇಳಬೇಕು," ಎಂದರು ಅಕ್ಕೋರು. "ಬ್ಯಾರೆ ಯಾರ ಬಾಯಾಗಿಂದಾನೂ ಅಲ್ಲ."

"ಆದ್ರ ಹೆಸರು ಏನಂತ ಈಗ ಹೆಂಗ ಗೊತ್ತಾಗತೈತ್ರಿ ಅಕ್ಕೋರೆ? ಹುಟ್ಟಿದ ಮ್ಯಾಲೆ ಅಯ್ನೋರು ನಕ್ಷತ್ರ ನೋಡಿ ಅಕ್ಷರ ಕೊಡಬೇಕು."

ಅವರು ಸ್ವಲ್ಪ ಹೊತ್ತು ಮೊಟ್ಟೆಯ ಟ್ರೇಗಳನ್ನು ನೋಡುತ್ತ ಕೂತರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. "ಕಾಗುಣಿತ! ಪೂರಾ ಕಾಗುಣಿತ ಹೇಳಿ ಇಡ್ತೀನಿ. ಅದರಾಗ ಇಲ್ಲದ ಹೆಸರು ಯಾವುದೈತಿ? ಹುಟ್ಟಿದ ಮ್ಯಾಲೆ ಬೇಕಾದ ಅಕ್ಷರ ಆರಿಸಿ ಕೂಡಿಸು, ಹೆಸರಾತು."

ಒಂದನೇ ತರಗತಿಯ ಅಕ್ಕೋರಿಗಲ್ಲದೆ ಬೇರೆ ಯಾರಿಗೂ ಈ ಉಪಾಯ ಹೊಳೆಯುತ್ತಿರಲಿಲ್ಲ. ಅವರಿಂದಲೇ ಅಕ್ಷರ ಕಲಿತ ನನಗೂ ಅದು ಸರಿಯೆಂದೇ ತೋರಿತು. ಕ ಕಾ ಕಿ ಕೀ ಶುರುವಾಯಿತು. ಅಕ್ಕೋರು ಕೂತು ಹೇಳಲು ಒಪ್ಪಲಿಲ್ಲ. ತರಗತಿಯಲ್ಲಿ ನಿಂತಂತೆ ನೆಟ್ಟಗೆ ನಿಂತು, ಗಾಳಿಯಲ್ಲಿ ಬೆತ್ತ ಆಡಿಸುತ್ತ, ಒಂದೊಂದು ಅಕ್ಷರವನ್ನೂ ಹಲಗೆಗೆ ಮೊಳೆ ಹೊಡೆದಂತೆ ಹೇಳಿದರು. ಎದುರಂಗಡಿಯ ಟೇಲರು ಹೊಲಿಯುವುದು ಬಿಟ್ಟು ತಾನೂ ಹೇಳತೊಡಗಿದ. ಅವನಿಗೆ ಚ ವರ್ಗದಲ್ಲಿ ತಪ್ಪಿತು, ಅಕ್ಕೋರು ಹೊರಗೆ ಹೋಗಿ ಬೈದು ಬಂದರು.

ಮೊದಲ ದಿನ ಅವರ ಕಿವಿಗೆ ಹೆಡ್‌ಫೋನು ಹಾಕಿದ್ದೆ. ಆಡಿದ ಮಾತು ಕಂಪ್ಯೂಟರಿನ ಒಳಗೆ ಹೋಗಿ, ಅಲ್ಲಿ ತುಸು ಸಾಲು ನಿಂತು, ಹೊರಗೆ ಬರುವಷ್ಟರಲ್ಲಿ ಚೂರು ತಡವಾಗುತ್ತದೆ. ತಾನು ಆಡಿದ್ದು ತನಗೇ ತಡವಾಗಿ ಕೇಳಿದರೆ ಎಂಥವರ ನಾಲಿಗೆಯೂ ತೊಡರುತ್ತದೆ. ಜನ್ಮದಲ್ಲಿ ತೊದಲದ ಅಕ್ಕೋರು ಗ ಗಾ ಹತ್ತಿರ ತೊದಲಿದರು. ಗಕ್ಕನೆ ಹಿಂದೆ ತಿರುಗಿ, "ಯಾವನಲೇ ನನ್ನ ಅಣಕಿಸೋನು?" ಎಂದು ಗದರಿದರು. ಹಿಂದೆ ಗೋಡೆ ಮಾತ್ರ ಇತ್ತು. ಹೆಡ್‌ಫೋನು ತೆಗೆದ ಮೇಲೆ ಬೆತ್ತ ಮತ್ತೆ ಸರಿಯಾಗಿ ಆಡಿತು.

ಕಾಗುಣಿತ ಮುಗಿದ ಮೇಲೆ ದಿನಬಳಕೆಯ ಮಾತು. "ನೀರು ಬೇಕು", "ಔಷಧ ಕೊಡಿ", "ನೋವಾಗುತ್ತಿದೆ" ಎಂದು ನಾನೊಂದು ಚೀಟಿ ಬರೆದುಕೊಟ್ಟೆ. ಅವರು ಅದನ್ನು ಓದಿ ನನ್ನ ಕಿಸೆಗೇ ತುರುಕಿದರು.

"ನೀರು ಬೇಕಂದ್ರ ಚೊಂಬು ತೋರಿಸಿದ್ರಾತು. ಚೌಕಾಶಿ ಕೈಯಾಗ ಮಾಡಾಕ ಬರತೈತೇನು? ಒತ್ತು ಬಟನ್ನು."

ಅವರು ತುಂಬಿಸಿದ್ದು ಇಂಥವು: "ಬದ್ನಿಕಾಯಿ ಏನು ಬಂಗಾರದ್ದೇನ್ರಿ?" "ಸುಳ್ಳು ಹೇಳಬ್ಯಾಡ, ನಿನ್ನ ಮಾರಿ ಹೇಳತೈತಿ." "ಚಾ ಅಂತಾರೇನು ಇದಕ್ಕ?" "ಎದ್ದು ನಿಂತ್ಕಳಲೇ!" ಮತ್ತೆ ಬರೀ "ಹ್ಞಾಂ?" ಎನ್ನುವುದು, ಮೂರು ನಮೂನೆ. ಒಂದು ಕೇಳಿಸಲಿಲ್ಲವೆಂದು, ಒಂದು ನಂಬುವುದಿಲ್ಲವೆಂದು, ಇನ್ನೊಂದು ಇನ್ನೊಮ್ಮೆ ಹೇಳಿ ನೋಡು ಎಂದು. ನಗು ಕೂಡ ಬೇಕೆಂದರು. ನಗು ಬರಲಿಲ್ಲ. ಆಗ ನನ್ನ ದುಃಖದ ಪ್ರಕಟಣೆಯೊಂದನ್ನು ಹಾಕಿಸಿಕೊಂಡು ಕೇಳಿದರು. ಬೇಕಾದಷ್ಟು ನಗು ಸಿಕ್ಕಿತು.

ನಾನು ನನ್ನ ವೃತ್ತಿಯ ಚಾಳಿಯಂತೆ ಎಲ್ಲವನ್ನೂ ತೊಳೆದು ಇಟ್ಟೆ. ಉಸಿರೆಳೆದ ಸದ್ದು ತೆಗೆದೆ, ಲೊಚಗುಟ್ಟಿದ್ದು ತೆಗೆದೆ, ಮೆತ್ತಗಿದ್ದ ಮಾತನ್ನು ಎತ್ತಿ ಜೋರಿದ್ದ ಮಾತಿಗೆ ಸರಿಸಮ ಮಾಡಿದೆ. ಆಟೋದ ಹಾರ್ನಿಗೆ ಅದೇ ಬೇಕು. ಅಕ್ಕೋರು ಕೇಳಿಸಿಕೊಂಡು ಕಣ್ಣು ಕಿರಿದು ಮಾಡಿದರು. "ಈಕಿ ಯಾರು? ರೈಲ್ವೇ ಸ್ಟೇಷನ್ನಿನಾಕಿ ಇದ್ದಂಗದಾಳ. ನಾ ಲೊಚಗುಟ್ಟಿದ್ದು ಎಲ್ಲೈತಿ? ಬೈಯೋ ಮುಂಚೆ ನಾ ಉಸುರು ತಗೊಂಡ್ರಽ ಹುಡುಗ್ರು ಅರ್ಧ ಉಚ್ಚಿ ಹೊಯ್ಕಂತಿದ್ವು. ಅದನ್ನಽ ತಗದೀಯಲ್ಲೋ!" ತೊಳೆಯದ ಮೂಲ ರೆಕಾರ್ಡಿಂಗ್ ಹಾಕಿ ಕೇಳಿಸಿದೆ. ಅದನ್ನು ಅವರು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ನಮ್ಮ ದನಿ ನಮಗೆ ತಲೆಬುರುಡೆಯ ಒಳಗಿಂದಲೂ ಕೇಳುತ್ತದೆ, ಮೈಕಿಗೆ ಹೊರಗಿನದಷ್ಟೇ ಸಿಗುತ್ತದೆ, ಹಾಗಾಗಿ ತಮ್ಮದೇ ದನಿ ಯಾರಿಗಾದರೂ ಬೇರೆಯವರದ್ದು ಅನ್ನಿಸುತ್ತದೆ ಎಂದು ನಾನು ವಿವರಿಸಲು ಹೊರಟೆ. ಅವರು ಕೈ ಎತ್ತಿ ತಡೆದರು. "ಬ್ಯಾರೆಯವ್ರದು ಅಲ್ಲಲೇ. ನಮ್ಮವ್ವಂದು. ಥೇಟ್ ನಮ್ಮವ್ವಂದು." ಅವತ್ತು ಬೇರೇನೂ ರೆಕಾರ್ಡ್ ಮಾಡಲಿಲ್ಲ.

ಆಪರೇಶನ್ ಆಯಿತು. ಅಕ್ಕೋರು ಕುತ್ತಿಗೆಗೆ ಒಂದು ತೆಳು ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಪಾಟಿ ಬಳಪ ಹಿಡಿದು ಊರಿಗೆ ಬಂದರು. ಅವರ ಮಾತುಗಳನ್ನೆಲ್ಲ ನಾನು ಫೋನಿನಲ್ಲಿ ಗುಂಡಿಗಳಾಗಿ ಜೋಡಿಸಿ ಕೊಟ್ಟಿದ್ದೆ. ಬದನೆಕಾಯಿ ಚಿತ್ರ ಒತ್ತಿದರೆ ಚೌಕಾಶಿ, ಲೋಟ ಒತ್ತಿದರೆ ಚಹಾದ ದೂರು. ಜನ ಕನಿಕರದ ಮುಖ ಹೊತ್ತು ಬಂದರೆ ಮೂರನೆಯ ನಮೂನೆಯ "ಹ್ಞಾಂ?" ಒತ್ತುತ್ತಿದ್ದರು. ಕನಿಕರ ಬಾಗಿಲಲ್ಲೇ ನಿಲ್ಲುತ್ತಿತ್ತು.

ಹರಪನಹಳ್ಳಿ ಬಸ್ಸಿನಲ್ಲಿ ಅವರು ಮಾಡಿದ್ದನ್ನು ನಾನೇ ಕಣ್ಣಾರೆ ಕಂಡೆ. ಕಾಲಿಡಲು ಜಾಗವಿಲ್ಲ. ಅಕ್ಕೋರು ಕಂಬ ಹಿಡಿದು ನಿಂತು, ಸೀಟುಗಳಲ್ಲಿ ಕೂತವರ ತಲೆಗಳನ್ನು ಹಿಂದಿನಿಂದ ಒಂದೊಂದಾಗಿ ನೋಡಿದರು. ಸೆರಗಿನ ಮರೆಯಲ್ಲಿ ಫೋನು. ಗುಂಡಿ ಒತ್ತಿದರು. "ಎದ್ದು ನಿಂತ್ಕಳಲೇ!" ಗಿರಿಜಾ ಮೀಸೆಯ, ಬಿಳಿ ಅಂಗಿಯ ಒಬ್ಬ ಗೃಹಸ್ಥ, ಅವರ ಹಳೆಯ ಶಿಷ್ಯನೇ, ಸ್ಪ್ರಿಂಗಿನಂತೆ ಎದ್ದು ಕೈಕಟ್ಟಿ ನಿಂತ. ಯಾಕೆ ಎದ್ದೆನೆಂದು ಅವನಿಗೇ ತಿಳಿಯುವ ಮುಂಚೆ ಅಕ್ಕೋರು ಆ ಸೀಟಿನಲ್ಲಿ ಕೂತು ಕಿಟಕಿಯಾಚೆ ಮೆಕ್ಕೆಜೋಳ ನೋಡುತ್ತಿದ್ದರು.

ಹೆಣ್ಣು ಮಗು ಹುಟ್ಟಿತು. ಅಯ್ನೋರು 'ನ' ಅಕ್ಷರ ಕೊಟ್ಟರು. ಮಗುವಿನ ತಾಯಿ ಫೋನಿನಲ್ಲಿ ಹುಡುಕಿ 'ನಿಹಾರಿಕಾ' ಎಂದು ಗೊತ್ತು ಮಾಡಿದಳು. ಅಕ್ಕೋರು ಪಾಟಿಯ ಮೇಲೆ "ಬಸ್ಸಿನಷ್ಟು ಉದ್ದವಿದೆ" ಎಂದು ಬರೆದು, ಅಳಿಸಿ, ನನಗೆ ಫೋನು ಹಚ್ಚಿಸಿದರು. ಬರೆಯುವಾಗ ಅವರು ಪುಸ್ತಕದ ಕನ್ನಡವನ್ನೇ ಬರೆಯುತ್ತಿದ್ದರು, ಬೈಗುಳ ಮಾತ್ರ ಊರಿನದು.

ಕಾಗುಣಿತದಿಂದ ನಿ ಆರಿಸಿದೆ, ಹಾ ಆರಿಸಿದೆ, ರಿ, ಕಾ. ನಾಲ್ಕನ್ನೂ ಕೂಡಿಸಿ ಒತ್ತಿದೆ. "ನಿ! ಹಾ! ರಿ! ಕಾ!" ಒಂದೊಂದು ಅಕ್ಷರವೂ ಪರೇಡಿನಲ್ಲಿ ಕಾಲು ಅಪ್ಪಳಿಸಿ ನಿಂತಿತು. ಅಕ್ಷರಗಳ ನಡುವಿನ ಜಾಗ ಕತ್ತರಿಸಿದೆ. ಆಗ ಬಿಕ್ಕಳಿಕೆ ಬಂದವರಂತೆ ಕೇಳಿತು. ಏರಿಳಿತ ನಯ ಮಾಡಲು ಹೋದೆ, ನೆಗಡಿಯಾದ ದೆವ್ವ ಕರೆದಂತಾಯಿತು. ಮಾತಾಡುವಾಗ ಒಂದು ಅಕ್ಷರ ಮುಗಿಯುವ ಮುಂಚೆಯೇ ಬಾಯಿ ಮುಂದಿನದಕ್ಕೆ ಅಣಿಯಾಗಿರುತ್ತದೆ. ಒಂದರ ಬಾಲ ಇನ್ನೊಂದರ ಬಾಯಲ್ಲಿ ಇರುತ್ತದೆ. ಬಿಡಿಬಿಡಿಯಾಗಿ ಹೇಳಿಟ್ಟ ಅಕ್ಷರಕ್ಕೆ ಬಾಲವೂ ಇಲ್ಲ, ಬಾಯಿಯೂ ಇಲ್ಲ. ಇದನ್ನು ನಾವಿಬ್ಬರೂ ತಿಳಿದದ್ದು ತೀರ ತಡವಾಗಿ. ಹೊಸದಾಗಿ ಹೇಳಿಸೋಣವೆಂದರೆ ಹೇಳುವ ದನಿಯೇ ಇರಲಿಲ್ಲ.

ಅಕ್ಕೋರು ಕೇಳಿದರು. ಪಾಟಿಯ ಮೇಲೆ ಬರೆದರು: "ಅಕ್ಷರ ಕೂಡಿಸಿ ಓದಬೇಡಿ, ಮಾತಿನಂತೆ ಓದಿ ಎಂದು ಇಷ್ಟು ವರ್ಷ ಮಕ್ಕಳಿಗೆ ಹೊಡೆದೆ. ನನಗೆ ಯಾರು ಹೊಡೆಯಬೇಕು?"

ಫೋನಿನಲ್ಲಿ ಬರುವ ಸಿದ್ಧ ಕನ್ನಡದ ಹೆಂಗಸಿನ ದನಿಯಲ್ಲಿ ಹೇಳಿಸಬಹುದು ಎಂದೆ. ನನ್ನ ಕಡೆ ಒಂದು ನೋಟ ನೋಡಿದರು, ಆ ಮಾತು ಅಲ್ಲಿಗೇ ಮುಗಿಯಿತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳು, ಗಾಳಿಯನ್ನು ಅನ್ನನಾಳಕ್ಕೆ ನುಂಗಿ ತೇಗಿನಂತೆ ತಿರುಗಿಸಿ ತಂದರೆ ಅದರಲ್ಲೇ ಮಾತಾಡಬಹುದು ಎಂದು ಹೇಳಿಕೊಟ್ಟಿದ್ದಳಂತೆ. ಅದನ್ನು ನೆನಪಿಸಿದೆ. "ತರಗತಿಯಲ್ಲಿ ತೇಗಿದವರನ್ನು ಹೊರಗೆ ನಿಲ್ಲಿಸಿದವಳು ನಾನು," ಎಂದು ಬರೆದು, ಕೆಳಗೆ "ಹಲ್ಕಟ್" ಎಂದು ನನಗೊಂದು ವಿಶೇಷಣ ಸೇರಿಸಿದರು.

ಅಷ್ಟರಲ್ಲಿ ಹರಪನಹಳ್ಳಿಯ ಮನೆಯಲ್ಲಿ ಹಿರಿಯರು ಸೇರಿ, ಅಕ್ಕೋರಿಗೆ ಯಾಕೆ ತ್ರಾಸು, ಹಡಗಲಿಯಲ್ಲಿರುವ ಚಿಕ್ಕಪ್ಪನ ಮಗಳೂ ಸೋದರತ್ತೆಯೇ ಅಲ್ಲವೇ, ಅವಳೇ ಹೆಸರು ಹೇಳಲಿ ಎಂದು ಮಾತಾಡಿಕೊಂಡರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸುದ್ದಿ ಬಂದ ದಿನ ಅಕ್ಕೋರು ಅಂಗಡಿಯ ಸ್ಟೂಲಿನ ಮೇಲೆ ಕೂತು ಪಾಟಿಯ ಮೇಲೆ "ಅವನಿಗೆ ತುತ್ತು ಮಾಡಿ ಉಣಿಸಿದ್ದು ನಾನು" ಎಂದು ಬರೆದರು. ಮುಂದೆ ಬರೆಯಲು ಬಳಪ ಎತ್ತಿದರು, ಬರೆಯಲಿಲ್ಲ. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಗುವಿಗೆ ಮೂರು ತಿಂಗಳಾದಾಗ ತೊಟ್ಟಿಲು. ಅವತ್ತು ಸೌಂಡ್ ನನ್ನದೇ. ಮನೆಯ ಅಂಗಳದಲ್ಲಿ ಪೆಂಡಾಲು, ಒಂದು ಕಡೆ ಊಟದ ಪಂಕ್ತಿ, ಒಳಗೆ ಹೂವಿನ ತೊಟ್ಟಿಲು. ಬೆಳಿಗ್ಗೆ ಅಕ್ಕೋರ ಫೋನಿನಿಂದಲೇ ಜೋಗುಳದ ಹಾಡು ಹಾಕಿ ನನ್ನ ದೊಡ್ಡ ಸ್ಪೀಕರ್ ಸರಿಯಾಗಿದೆಯೇ ನೋಡಿದ್ದೆ. ಬ್ಲೂಟೂತಿನ ತಂತಿಯಿಲ್ಲದ ಜೋಡಿ, ಒಮ್ಮೆ ಕೂಡಿಸಿದರೆ ಬಿಡಿಸುವವರೆಗೆ ಫೋನಿನ ಸದ್ದೆಲ್ಲ ಸ್ಪೀಕರಿಗೇ. ಬಿಡಿಸುವುದನ್ನು ಮರೆತಿದ್ದೆ.

ಅಕ್ಕೋರು ಯಾರ ಅಪ್ಪಣೆಗೂ ಕಾಯದೆ ತೊಟ್ಟಿಲಿನ ಹತ್ತಿರ ಹೋಗಿ ಬಗ್ಗಿದರು. ಇದ್ದುದರಲ್ಲಿ ಚೂರು ವಾಸಿಯಾಗಿದ್ದ ಹೆಸರನ್ನು ನಾನು ಫೋನಿನಲ್ಲಿ ಹಾಕಿಕೊಟ್ಟಿದ್ದೆ. ಮಗುವಿನ ಕಿವಿಗೆ ಫೋನು ಹಿಡಿದು ಒತ್ತಿದರು. ಕಿವಿಯ ಹತ್ತಿರ ಚಕಾರವಿಲ್ಲ. ಅಂಗಳದಲ್ಲಿ ಆಳೆತ್ತರದ ಸ್ಪೀಕರು ಗುಡುಗಿತು: "ನಿ! ಹಾ! ರಿ! ಕಾ!" ಬಡಿಸುವವನ ಕೈಯಿಂದ ಸಾರಿನ ಸೌಟು ಬಿತ್ತು. ಅಕ್ಕೋರು ಗಾಬರಿಯಲ್ಲಿ ನಿಲ್ಲಿಸಲು ಹೋಗಿ ಪಕ್ಕದ ಗುಂಡಿ ಒತ್ತಿದರು. "ಬದ್ನಿಕಾಯಿ ಏನು ಬಂಗಾರದ್ದೇನ್ರಿ?" ಪಂಕ್ತಿಯಲ್ಲಿ ಬದನೆಯ ಎಣ್ಣೆಗಾಯಿ ತಿನ್ನುತ್ತಿದ್ದವರೆಲ್ಲ ಕೈ ತಡೆದು ಎಲೆ ನೋಡಿಕೊಂಡರು. ಪೆಂಡಾಲು ನಕ್ಕಿತು, ಮಗು ಚೀರಿ ಅತ್ತಿತು. ಹಡಗಲಿಯ ತಂಗಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಬಿಡಕ್ಕಾ, ನಾ ಹೇಳ್ತೀನಿ, ನೀ ತ್ರಾಸು ತಗಬ್ಯಾಡ."

ನಾನು ಸ್ಪೀಕರಿನ ಕರೆಂಟಿನ ವೈರು ಕಿತ್ತು ಒಳಗೆ ಓಡಿದೆ. ಅಕ್ಕೋರು ಫೋನನ್ನು ತಮ್ಮನ ಕಿಸೆಗೆ ಹಾಕಿ, ತಂಗಿಯನ್ನು ಒಂದು ಕೈಯಿಂದ ಅಲ್ಲೇ ತಡೆದರು. ಕಣ್ಣು ಮುಚ್ಚಿದರು. ನೀರು ಗುಟುಕರಿಸುವವರಂತೆ ಗಾಳಿಯನ್ನು ನುಂಗಿದರು. ಮಗುವಿನ ಕಿವಿಯ ಹತ್ತಿರ ಬಾಯಿ ತಂದರು.

"ಕುರ್ರ್... ನೀಲಾ."

ಕೊಡದೊಳಗೆ ಕೂತ ಕಪ್ಪೆಯ ದನಿ. ಒರಟು, ತಗ್ಗು, ಹರಕು. ಆದರೆ ಹೆಸರು ಹೆಸರಾಗಿಯೇ ಕೇಳಿತು, ಒಂದು ಅಕ್ಷರದ ಬಾಲ ಇನ್ನೊಂದರ ಬಾಯಲ್ಲಿತ್ತು. ಮಗು ಅಳು ನಿಲ್ಲಿಸಿ ಆ ಸದ್ದು ಬಂದ ಕಡೆ ಕತ್ತು ಹೊರಳಿಸಿತು.

ಸುತ್ತ ನಿಂತ ಹೆಂಗಸರು ಕಣ್ಣೊರೆಸಿಕೊಂಡರೇ ಹೊರತು ಒಬ್ಬರೂ ಕೈ ಎತ್ತಲಿಲ್ಲ. ಅಕ್ಕೋರು ಬಗ್ಗಿದವರು ಬಗ್ಗಿಯೇ ಇದ್ದರು. ಏನೂ ಬೀಳದ್ದು ನೋಡಿ ತಲೆ ತಿರುಗಿಸಿ, ಒಂದನೇ ತರಗತಿಯನ್ನು ನೋಡುವ ಕಣ್ಣಿನಲ್ಲಿ ಎಲ್ಲರನ್ನೂ ನೋಡಿ, ಬೆರಳಿನಿಂದ ತಮ್ಮ ಬೆನ್ನು ತೋರಿಸಿದರು. ಮೊದಲ ಗುದ್ದು ಹಡಗಲಿಯ ತಂಗಿಯದು. ಆಮೇಲೆ ಲೆಕ್ಕವಿಲ್ಲ. ಗುದ್ದು ತಿನ್ನುತ್ತ ಅವರು ದನಿಯಿಲ್ಲದೆ, ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು.

ಅವರು ತಿಂಗಳುಗಟ್ಟಲೆ ದಿನಾ ಗೋಲಿ ಸೋಡಾ ಕುಡಿದು ಹಿತ್ತಲಲ್ಲಿ ತೇಗು ಕಲಿಯುತ್ತಿದ್ದರೆಂದು ಆಮೇಲೆ ಸೋಡಾದವನಿಂದ ತಿಳಿಯಿತು. ಅವನು ಹೊಟ್ಟೆಯ ಗ್ಯಾಸೆಂದು ಓಮಿನ ಕಾಳು ಕೊಟ್ಟಿದ್ದನಂತೆ. ನಿಹಾರಿಕಾ ಹೇಗೆ ನೀಲಾ ಆದಳು ಎನ್ನುವುದು ಮಾತ್ರ ತಿಳಿಯಲಿಲ್ಲ. ನುಂಗಿದ ಗಾಳಿಯಲ್ಲಿ ಎರಡೇ ಅಕ್ಷರಕ್ಕೆ ಉಸಿರಿತ್ತು ಎಂದು ಪಾಟಿಯ ಮೇಲೆ ಬರೆದು ತೋರಿಸಿದರು. ಅವರ ತಾಯಿಯ ಹೆಸರು ನೀಲಮ್ಮ ಎಂದು ನಾನು ನೆನಪಿಸಿದಾಗ ಗೋಡೆಯ ಮೊಟ್ಟೆಯ ಟ್ರೇಗಳನ್ನು ನೋಡತೊಡಗಿದರು. ಕಿವಿಯಲ್ಲಿ ಹೇಳಿದ್ದೇ ಹೆಸರು, ಅದನ್ನು ತಿದ್ದುವಂತಿಲ್ಲ. ತಾಯಿ ಒಂದು ವಾರ ಮುನಿಸಿಕೊಂಡು, ಶಾಲೆಯ ಕಾಗದದಲ್ಲಿ ನಿಹಾರಿಕಾ, ಮನೆಯಲ್ಲಿ ನೀಲಾ ಎಂದು ರಾಜಿಯಾದಳು.

ಆಮೇಲೆ ಅಕ್ಕೋರು ಐದು ವರ್ಷ ಬದುಕಿದರು. ರಜೆಯಲ್ಲಿ ನೀಲಾ ಕೊಟ್ಟೂರಿಗೆ ಬಂದರೆ ಇಬ್ಬರೂ ಜಗಲಿಯ ಮೇಲೆ ಕೂತು ಜಗಳವಾಡುತ್ತಿದ್ದರು. ಫೋನಿನ ಗುಂಡಿಗಳು ಸಂತೆಗೆ, ಬಸ್ಸಿಗೆ, ನನಗೆ. ಮಗುವಿಗೆ ಅವರು ಒಮ್ಮೆಯೂ ಗುಂಡಿ ಒತ್ತಲಿಲ್ಲ, ಗಾಳಿ ನುಂಗಿಯೇ ಮಾತಾಡಿದರು. ಈ ಚಳಿಗಾಲದಲ್ಲಿ ಗಡ್ಡೆ ತಿರುಗಿ ಬಂತು, ಈ ಸಲ ಬಿಡಲಿಲ್ಲ.

ದಿವಸದ ಕಾರ್ಯ ಮುಗಿದ ಮೇಲೆ ತಮ್ಮ ನೀಲಾಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದ. ಅಕ್ಕನ ದನಿ ಒಮ್ಮೆ ಕೇಳಬೇಕು ಎಂದ. ನಾನು ತೊಳೆಯದೆ ಉಳಿಸಿದ್ದನ್ನೇ ಹಾಕಿದೆ. ಉಸಿರು, ಲೊಚಗುಟ್ಟಿದ್ದು, ಮೂರು ಹ್ಞಾಂ, ನಗು. ಅವನು ಮೇಜಿಗೆ ಹಣೆ ಹಚ್ಚಿ ಅತ್ತ. ನನಗೂ ತಡೆಯಲಾಗಲಿಲ್ಲ. ಹೆಡ್‌ಫೋನನ್ನು ಮಗುವಿನ ಕಿವಿಗೆ ಹಾಕಿದೆ. ಅವಳು ಶಿಸ್ತಾಗಿ ಕೇಳಿ, ತೆಗೆದು, ನನ್ನ ಕೈಗೆ ಕೊಟ್ಟಳು.

"ಯಾರಿದು?"

"ನಿಮ್ಮ ಅತ್ತಿ, ಅವ್ವಾ."

"ಸುಳ್ಳು," ಎಂದಳು. ನನಗೇನೂ ಗೊತ್ತಿಲ್ಲವೆಂದು ಅವಳಿಗೆ ಕನಿಕರವಾದಂತಿತ್ತು. "ನಮ್ಮತ್ತಿ ಹಿಂಗ ಮಾತಾಡ್ತಾಳ."

ಕಣ್ಣು ಮುಚ್ಚಿದಳು, ಗಾಳಿ ನುಂಗಿದಳು, ಗದ್ದ ಎದೆಗೆ ಒತ್ತಿಕೊಂಡು ಹೊಟ್ಟೆಯಿಂದ ತಂದು ಹೇಳಿದಳು: "ನೀಲಾ."

ತಮ್ಮ ತಲೆ ಎತ್ತಿ ಮಗಳನ್ನೇ ನೋಡಿದ. ಅಕ್ಕೋರ ಆ ದನಿಯನ್ನು ನಾನು ಒಮ್ಮೆಯೂ ರೆಕಾರ್ಡ್ ಮಾಡಿರಲಿಲ್ಲ. ಅದೂ ಒಂದು ದನಿಯೆಂದು ನನಗೆ ಅನ್ನಿಸಿರಲೇ ಇಲ್ಲ. ಕಣ್ಣೊರೆಸಿಕೊಂಡು ಮೈಕನ್ನು ಮಗುವಿನ ಬಾಯಿಯ ಎತ್ತರಕ್ಕೆ ಇಳಿಸಿ, "ಇನ್ನೊಮ್ಮಿ ಅನ್ನವ್ವಾ" ಎಂದೆ.